ಇನ್ನೂ ಮಹಾಗಾಂವ ದಾಟಿಲ್ಲ

ಕ್ಲಚ್ಚಿನ ವಾಯರು ಹರಿದದ್ದು ಏರಿನ ಮೇಲೆ. ಬೀಗ ದೌಲಪ್ಪ ನಿಂತಿದ್ದದ್ದು ಏರು ಶುರುವಾಗುವುದಕ್ಕಿಂತ ಮುಂಚೆ, ರಸ್ತೆಬದಿಯ ಬೇವಿನ ಗಿಡದ ಹತ್ತಿರ. ಇದರಲ್ಲಿ ಮಾಣಿಕಪ್ಪನಿಗೆ ಯಾವ ಗೊಂದಲವೂ ಇರಲಿಲ್ಲ. ಆದರೂ ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರಿಗೆ, ಶಬ್ಬೀರನ ಅಂಗಡಿಯ ಮುಂದೆ ಸವೆದ ಟೈರೊಂದರ ಮೇಲೆ ಕೂತುಕೊಂಡು, ಅವನು ಆ ಏರನ್ನು ಮನಸ್ಸಿನಲ್ಲೇ ಸ್ವಲ್ಪ ಸ್ವಲ್ಪ ಕಲಬುರಗಿಯ ಕಡೆಗೆ ಜಗ್ಗುತ್ತಿದ್ದ. ಏರು ಬೇವಿನ ಗಿಡದ ತನಕ ಬಂದರೆ ಸಾಕಿತ್ತು. ಗಿಡಕ್ಕಿಂತ ಒಂದು ಮಾರು ಆಚೆ ಸರಿದುಬಿಟ್ಟರೆ ವಾಯರು ಮೊದಲು ಹರಿಯುತ್ತದೆ, ದೌಲಪ್ಪ ಆಮೇಲೆ ಕಾಣುತ್ತಾನೆ. ಕ್ಲಚ್ಚಿಲ್ಲದ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ ಎಂಬುದು ಗಾಡಿ ಹೊಡೆಯುವ ಯಾರಿಗಾದರೂ ಗೊತ್ತು. ಯಾರೂ ಏನೂ ಕೇಳುವುದಿಲ್ಲ. ಆದರೆ ಏರು ಜರುಗುತ್ತಿರಲಿಲ್ಲ. ಎಷ್ಟು ಜಗ್ಗಿದರೂ ಅದು ಗಿಡದ ಈಚೆಗೇ, ಕಮಲಾಪುರದ ಕಡೆಗೇ, ಕೆಂಪು ಮಣ್ಣಿನ ದಿಬ್ಬವಾಗಿ ಬಿದ್ದುಕೊಂಡಿತ್ತು.

ದೌಲಪ್ಪನನ್ನು ಅವನು ದೂರದಿಂದಲೇ ಗುರುತು ಹಿಡಿದಿದ್ದ. ಬಿಳಿ ಧೋತರ, ಬೂದುಬಣ್ಣದ ಹಳೇ ಸ್ಕೂಟರು, ಅದರ ಸೀಟಿನ ಮೇಲೆ ಒಂದು ಕೈ. ಇನ್ನೊಂದು ಕೈಯನ್ನು ಮುದುಕ ಎತ್ತಿ ಹಿಡಿದಿದ್ದ. ಬೀಸುತ್ತಿರಲಿಲ್ಲ, ಕರೆಯುತ್ತಿರಲಿಲ್ಲ, ಸುಮ್ಮನೆ ಎತ್ತಿದ್ದ. ಗಾಡಿ ಹತ್ತಿರವಾದಂತೆ ಮಾಣಿಕಪ್ಪನ ಎಡಗೈಯ ಬೆರಳು ತಾವಾಗಿಯೇ ಕ್ಲಚ್ಚಿನ ಹಿಡಿಕೆಯ ಮೇಲೆ ಹೋದವು. ಈಗ ಅವನು ಆ ಬೆರಳುಗಳನ್ನೇ ನೋಡುತ್ತಿದ್ದ. ಹೋಗಿದ್ದವು, ಹಿಡಿಕೆಯನ್ನು ಅರ್ಧ ಹಿಡಿದೂ ಇದ್ದವು. ಆಮೇಲೆ ಒಂದೊಂದಾಗಿ ಬಿಟ್ಟುಬಂದವು. ನಿಲ್ಲಲಿ ಮುದುಕ, ಬಿಸಿಲಲ್ಲಿ ಸ್ವಲ್ಪ ಒಣಗಲಿ ಎಂದುಕೊಂಡಿದ್ದ. ಮಾತು ಬಾಯಿಂದ ಹೊರಗೆ ಬಂದಿತ್ತೋ ಇಲ್ಲವೋ ನೆನಪಿಲ್ಲ. ರೇಸು ಏರಿಸಿದ್ದು ಮಾತ್ರ ನೆನಪಿತ್ತು. ಏರಿನ ಬುಡದಲ್ಲಿ ಕನ್ನಡಿಯೊಳಗೆ ನೋಡಿದಾಗ ಆ ಕೈ ಇನ್ನೂ ಮೇಲೆಯೇ ಇತ್ತು. ಗಾಡಿ ನಿಲ್ಲದೆ ದಾಟಿಹೋದರೆ ಮನುಷ್ಯ ಕೈ ಇಳಿಸುತ್ತಾನೆ. ಬೈಯುತ್ತಾನೆ, ಉಗುಳುತ್ತಾನೆ, ಇಲ್ಲವೆ ಮುಂದಿನ ಗಾಡಿಗಾಗಿ ಆ ಕಡೆ ತಿರುಗುತ್ತಾನೆ. ದೌಲಪ್ಪ ಯಾವುದನ್ನೂ ಮಾಡಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಇತ್ತು, ಅದನ್ನು ಇಳಿಸುವುದು ಮುದುಕನಿಗೆ ಮರೆತುಹೋದ ಹಾಗೆ. ಏರಿನ ನಡುವೆ ಗೇರು ಇಳಿಸಲೆಂದು ಹಿಡಿಕೆ ಒತ್ತಿದಾಗ ಟಣ್ಣೆಂದು ಸದ್ದಾಗಿ, ಹಿಡಿಕೆ ಸತ್ತ ಕೋಳಿಯ ಕತ್ತಿನ ಹಾಗೆ ಕೈಯೊಳಗೆ ಜೋತುಬಿತ್ತು. ಆ ಕ್ಷಣದಲ್ಲಿ ಅವನಿಗೆ ಆದದ್ದು ಸಿಟ್ಟಲ್ಲ, ಸಂತೋಷ. ಇನ್ನು ತಿರುಗಿ ಹೋಗಬೇಕೆಂದರೂ ಹೋಗುವ ಹಾಗಿಲ್ಲ ಎಂಬ ಸಂತೋಷ. ರೇಸು ಇಳಿಸಿ, ಗೇರಿಗೆ ಕಾಲಿಂದ ಒದ್ದು, ಕುರಿ ಹಿಂಡನ್ನು ಹಾರನ್ನಿನಿಂದಲೇ ಸೀಳಿಕೊಂಡು, ಎಲ್ಲಿಯೂ ಕಾಲು ನೆಲಕ್ಕೆ ಹಚ್ಚದೆ ಅವನು ಕಮಲಾಪುರದ ತನಕ ಬಂದಿದ್ದ. ಶಬ್ಬೀರನ ಅಂಗಡಿಯ ಮುಂದೆ ಗಾಡಿ ಗೇರಿನಲ್ಲಿಯೇ ಜಗ್ಗಿ, ಕೆಮ್ಮಿ, ನಿಂತಿತು.

“ವಾಯರ್ ತೋ ಪೂರಾ ಗಯಾ ಅಣ್ಣಾ” ಎಂದು ಶಬ್ಬೀರ ಹರಿದ ತುದಿಯನ್ನು ಬೆರಳಿನಲ್ಲಿ ಬಿಚ್ಚಿ ತೋರಿಸಿದ. ಎಳೆಗಳು ಹಳೇ ಕುಂಚದ ಹಾಗೆ ಕೆದರಿದ್ದವು. “ಒಂದೊಂದೇ ಎಳಿ ಹೋಗ್ಯಾವ. ಹಿಡಿಕಿ ಬಿಗಿ ಬರಾಕತ್ತಿತ್ತೋ ಇಲ್ಲೋ?”

“ಬಂದಿತ್ತು.”

“ಮತ್ತ ನೋಡ್ಬಾರ್ದಾ?”

ನೋಡಿದ್ದವನು ಇದ್ದ. ಮೋಮಿನಪುರದ ಮಿಸ್ತ್ರಿ ವಾರದ ಹಿಂದೆಯೇ ಹಿಡಿಕೆ ಒತ್ತಿ ನೋಡಿ, ಇದು ದಾರಿಯಲ್ಲಿ ಕೈ ಕೊಡುತ್ತದೆ, ಬದಲಿಸಿಬಿಡು ಎಂದಿದ್ದ. ಗಿರಾಕಿ ಸಿಕ್ಕರೆ ಸಾಕು ಸುಲೀತೀರಿ ಎಂದು ಮಾಣಿಕಪ್ಪ ಅವನ ಮೇಲೆ ಹರಿಹಾಯ್ದು ಬಂದಿದ್ದ. ಕಪನೂರಿನ ಬೇಳೆ ಮಿಲ್ಲಿನಲ್ಲಿ ಬೆಲ್ಟು, ಜರಡಿ, ಮೋಟಾರು ಎಲ್ಲ ಅವನದೇ ಉಸ್ತುವಾರಿ. ಯಂತ್ರದ ವಿಷಯದಲ್ಲಿ ಇನ್ನೊಬ್ಬರು ಬುದ್ಧಿ ಹೇಳಿದರೆ ಅವನ ಕಿವಿಯ ತುದಿ ಕೆಂಪಾಗುತ್ತಿತ್ತು. ನಿಮ್ಮ ಸಿಟ್ಟು ನಿಮಗಿಂತ ಮೊದಲು ಊರು ಮುಟ್ಟತದ ಎಂದು ಹೆಂಡತಿ ಜಯದೇವಿ ಹೇಳುತ್ತಿದ್ದಳು. ಅದನ್ನು ಹೇಳಿದಾಗಲೂ ಅವನು ಸಿಟ್ಟು ಮಾಡಿದ್ದ. ಅವಳು ತೀರಿಕೊಂಡ ಮೇಲೆ ಅದನ್ನು ಹೇಳುವವರು ಯಾರೂ ಉಳಿದಿರಲಿಲ್ಲ.

“ದೌಲಪ್ಪನವ್ರ ಬೀಗರಲ್ಲಾ ನೀವು?” ಎಂದ ಶಬ್ಬೀರ, ಪೆಟ್ಟಿಗೆಯೊಳಗೆ ಹೊಸ ವಾಯರು ಹುಡುಕುತ್ತ. “ಬೀಗರ ಊರಾಗ ಗಾಡಿ ಕೆಡಬಾರದು ನೋಡ್ರಿ. ಮಗಳ ಮನಿಗಿ ನಡಕೋತ ಹೋದ್ರ ಅರ್ಧ ಮರ್ಯಾದಿ ಇಲ್ಲೇ ಹೋಗ್ತದ.”

“ಉಳದ ಅರ್ಧ ಅವ್ರ ಮನ್ಯಾಗ ಹೋಗ್ತದ.”

ಶಬ್ಬೀರ ನಕ್ಕ. ಮಾಣಿಕಪ್ಪ ನಗಲಿಲ್ಲ. ಅವನು ತಮಾಷೆ ಮಾಡಿರಲಿಲ್ಲ. ದೌಲಪ್ಪನ ಹೊಸ ಮನೆಯ ಒಕ್ಕಲಿನ ದಿನ ಹಂದರದ ಕೆಳಗೆ ಕಂಬಳಿ ಹಾಸಿ ಬೀಗರನ್ನೆಲ್ಲ ಸಾಲಾಗಿ ಕೂರಿಸಿದ್ದರು. ಅವನ ಬಲಗಡೆಗೆ ಕೂತಿದ್ದವನು ದೌಲಪ್ಪನ ಮಗಳನ್ನು ತಂದುಕೊಂಡ ಬೀಗ, ತಾಲೂಕು ಕಚೇರಿಯ ನೌಕರ. ಆ ಬೀಗನಿಗೆ ಧೋತರ, ಅಂಗಿಯ ಬಟ್ಟೆ, ಜರಿಯಂಚಿನ ಪಟಗ. ಮುದುಕ ತಾನೇ ನಿಂತು ಅವನ ತಲೆಗೆ ಪಟಗ ಸುತ್ತಿದ. ಆಮೇಲೆ ಮಾಣಿಕಪ್ಪನ ಮುಂದೆ ಬಂದು, ತಟ್ಟೆಯಿಂದ ಒಂದು ಬಿಳಿ ಟೊಪ್ಪಿಗೆ, ಒಂದು ಟಾವೆಲು, ಒಂದು ತೆಂಗಿನಕಾಯಿ ಎತ್ತಿಕೊಟ್ಟು ಮುಂದಿನವನ ಕಡೆಗೆ ಹೋದ. ಟೊಪ್ಪಿಗೆ-ಟಾವೆಲು ಓಣಿಯವರಿಗೆ, ಕಂಬ ನೆಟ್ಟವರಿಗೆ ಕೊಡುವ ಆಯೇರಿ. ಮಗಳನ್ನು ಕೊಟ್ಟ ತಂದೆಗಲ್ಲ. ಮಾಣಿಕಪ್ಪ ಆ ಟೊಪ್ಪಿಗೆಯನ್ನು ತಲೆಯ ಮೇಲೆ ಇಟ್ಟುಕೊಂಡು ಊಟ ಮಾಡಿದ್ದ. ಅದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು: ಕೊಟ್ಟದ್ದಲ್ಲ, ತಾನು ಅದನ್ನು ಇಟ್ಟುಕೊಂಡು ಹೋಳಿಗೆ ಉಂಡದ್ದು. ಬಡಿಸುತ್ತ ಬಂದ ಸುಜಾತಾ ಅಪ್ಪನ ತಲೆಯನ್ನು ನೋಡಿ, ನೋಡದವಳ ಹಾಗೆ ತುಪ್ಪ ಹಾಕಿ ಹೋಗಿದ್ದಳು. ಅಂದಿನಿಂದ ಅವನು ಆ ಮನೆಯ ಮೆಟ್ಟಲು ಹತ್ತಿರಲಿಲ್ಲ. ಇವತ್ತು ಬರಲೇಬೇಕಾಗಿತ್ತು. ಮೊಮ್ಮಗಳು ಕಾವೇರಿಗೆ ಕಿವಿ ಚುಚ್ಚುವ ದಿನ. ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಸುಜಾತಾಳಿಗೆ ಅಣ್ಣತಮ್ಮಂದಿರಿಲ್ಲ. ನೀನೇ ತೊಡಿ ಕೊಡಬೇಕಪ್ಪಾ ಎಂದು ಅವಳು ಎರಡು ಸಲ ಫೋನು ಮಾಡಿದ್ದಳು.

ಈಗ ಮೂರನೆಯ ಸಲ ಫೋನು ಬಂತು.

“ಅಪ್ಪಾ, ಎಲ್ಲಿದ್ದಿ?”

“ಯಾಕ?”

“ಮಾವ ಇನ್ನೂ ಬಂದಿಲ್ಲ. ಮುಂಜಾನೆ ಕಲಬುರಗಿಗಿ ಹೋಗ್ಯಾರ, ಕೂಸಿನ ಕಿವೀದು ಬಂಗಾರ ತರಾಕ. ಖೂಬಾ ಪ್ಲಾಟಿನ್ಯಾಗ ಡಾಕ್ಟರಿಗೂ ತೋರಿಸ್ಕೊಂಡು ಬರ್ತೀನಿ ಅಂದಿದ್ರು. ನಿನ್ನೆಯಿಂದ ತೆಲಿ ತಿರುಗಾಕತ್ತಿತ್ತು ಅವರಿಗಿ. ಫೋನ್ ಎತ್ತವಲ್ರು. ನಿನಗ ಹಾದ್ಯಾಗ ಎಲ್ಲೆರೆ ಕಂಡ್ರೇನು?”

ತೆಲಿ ತಿರುಗಾಕತ್ತಿತ್ತು. ಎತ್ತಿದ ಕೈ ಅವನ ಕಣ್ಣೆದುರಿಗೆ ಮತ್ತೆ ಬಂತು, ಈ ಸಲ ಅದಕ್ಕೆ ಬೇರೆಯೇ ಅರ್ಥವಿತ್ತು. ಕಂಡ್ರು, ಬೇವಿನ ಗಿಡದ ಹತ್ತಿರ ನಿಂತಾರ, ಯಾರನ್ನಾದರೂ ಕಳಿಸು ಎಂದರೆ ಮುಗಿಯುತ್ತಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆಯನ್ನು ಸುಜಾತಾಳ ದನಿಯಲ್ಲಿ ಕೇಳಿಸಿಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ.

“ನಾ ಇನ್ನೂ ಮಹಾಗಾಂವ ದಾಟಿಲ್ಲ” ಎಂದ. “ಕ್ಲಚ್ ವಾಯರ್ ಹರದದ. ಇಲ್ಲೇ ಕ್ರಾಸಿನ್ಯಾಗ ಮಾಡಸ್ಲಾಕತ್ತೀನಿ.”

ಬಸ್ಸಿನ ಹಾರನ್ನು ಫೋನಿನಲ್ಲೂ ಕೇಳಿಸಿತು, ಎದುರಿಗೂ ಕೇಳಿಸಿತು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

“ಆಯ್ತು” ಎಂದಳು ಸುಜಾತಾ. “ಬರೂ ಮುಂದ ಹಾದಿ ನೋಡ್ಕೋತ ಬಾ.”

ಸುಳ್ಳು ಎಷ್ಟು ಸಲೀಸಾಗಿ ಕೂತುಕೊಂಡಿತೆಂದರೆ ಅವನಿಗೇ ಭಯವಾಯಿತು. ಈಗ ಏರನ್ನು ಜರುಗಿಸುವ ತ್ರಾಸವೇ ಇಲ್ಲ. ಮಹಾಗಾಂವ ಗಿಡಕ್ಕಿಂತ ಹಿಂದೆ, ಕಲಬುರಗಿಯ ಕಡೆಗಿತ್ತು. ಏರೂ ಗಿಡವೂ ಮುದುಕನೂ ಅವನ ಮುಂದೆಯೇ ಇದ್ದಾರೆ. ಅವನು ಇನ್ನೂ ಅಲ್ಲಿಗೆ ಬಂದಿಲ್ಲ. ವಾಯರು ಹಾಕಿಸಿಕೊಂಡು ತಿರುಗಿ ಹೋದರೆ, ಕಲಬುರಗಿಯಿಂದ ಬರುತ್ತಿದ್ದವನು ಹಾದಿಯಲ್ಲಿ ಬೀಗನನ್ನು ಕಂಡು ಕರೆದುಕೊಂಡು ಬಂದಂತೆ ಆಗುತ್ತದೆ. ಮೊದಲ ಸಲ ದಾಟಿದ್ದು ಅಳಿಸಿಹೋಗುತ್ತದೆ. ವಾಯರು ಒಂದು ಬೇಗ ಆಗಬೇಕು.

ಆದರೆ ಅಂದು ಶುಕ್ರವಾರ. ಶಬ್ಬೀರ ಹಿಡಿಕೆಯ ತುದಿಯಿಂದ ಹಳೇ ವಾಯರನ್ನು ಬಿಚ್ಚಿ, ಕೆಳಗೆ ಇಂಜಿನ್ನಿನ ಹತ್ತಿರವೂ ಸಡಿಲಿಸಿ, ಕೈ ತೊಳೆಯಲು ಎದ್ದ.

“ಎಲ್ಲಿಗಿ?”

“ಜುಮ್ಮಾ ಅಣ್ಣಾ. ನಮಾಜ್ ಮುಗಿಸ್ಕೊಂಡು ಬರ್ತೀನಿ. ಫಿಕರ್ ನಕ್ಕೋ.”

“ಹಾಕಿ ಹೋಗೋ ಮಾರಾಯಾ. ಅರ್ಜೆಂಟ್ ಅದ.”

“ಬೀಗರ ಮನಿ ಊಟ ಎಲ್ಲಿ ಓಡಿ ಹೋಗ್ತದ?” ಶಬ್ಬೀರ ಟೊಪ್ಪಿ ಇಟ್ಟುಕೊಂಡ. “ಒಂದು ಮಾತು. ಆ ಹಳೇ ವಾಯರ್ ಜಗ್ಗಬ್ಯಾಡ್ರಿ. ಅದರ ತುದಿಗೆ ಹೊಸಾದು ಕಟ್ಟಿ ಎಳೀಬೇಕು, ಅಂದ್ರ ಟ್ಯಾಂಕಿನ ಕೆಳಗ ತಾನೇ ಹಾದಿ ಹಿಡಿದು ಬರ್ತದ. ಬಂದು ಮಾಡ್ತೀನಿ.”

ಅಂಗಡಿಯ ಮುಂದೆ ಮಾಣಿಕಪ್ಪ ಒಬ್ಬನೇ ಉಳಿದ. ಬಿಸಿಲು ತಗಡಿನ ಮೇಲೆ ಟಕಟಕ ಎನ್ನುತ್ತಿತ್ತು. ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ಹಿಂದೆ ಹೆಂಗಸರು ಕೂತಿದ್ದರು. ಆಟೋಗಳು ನಿಂತಿದ್ದವು. ಒಂದು ಆಟೋದವನಿಗೆ ಹೇಳಿದರೆ ಸಾಕು. ಏನೆಂದು ಹೇಳುವುದು? ಆ ಏರಿನ ಹಿಂದೆ ಒಬ್ಬ ಮುದುಕ ನಿಂತಿದ್ದಾನೆ, ಹೋಗಿ ಕರೆದುಕೊಂಡು ಬಾ ಎಂದೇ? ಆಟೋದವನು ಈ ಊರಿನವನು, ದೌಲಪ್ಪ ಈ ಊರಿನವನು, ಸಂಜೆಯ ಹೊತ್ತಿಗೆ ಹೇಳಿದವರು ಯಾರು, ಅವರು ನೋಡಿದ್ದು ಯಾವಾಗ ಎಂದೆಲ್ಲ ಮನೆ ಮುಟ್ಟುತ್ತದೆ. ಅವನು ದೌಲಪ್ಪನ ನಂಬರು ಒತ್ತಿದ. ಗಂಟೆ ಬಾರಿಸುತ್ತ ಹೋಯಿತು. ಬೇವಿನ ಗಿಡದ ಕೆಳಗೆ, ಧೋತರದ ಗಂಟಿನಲ್ಲಿ, ತನ್ನ ಹೆಸರೇ ಈಗ ಅಲ್ಲಿ ಬೆಳಗುತ್ತಿದೆ ಎಂದು ಅನ್ನಿಸಿ ಅವನು ಫೋನು ಕಟ್ ಮಾಡಿದ. ಬೇರೆ ಯಾರೋ ನಿಲ್ಲಿಸಿರುತ್ತಾರೆ ಎಂದುಕೊಂಡ. ಆ ರಸ್ತೆಯಲ್ಲಿ ಲಾರಿ, ಬಸ್ಸು, ಕಾರು ಬಿಡದೆ ಓಡುತ್ತವೆ. ಯಾರಾದರೂ ನಿಲ್ಲಿಸಿರಲೇಬೇಕು. ಆದರೆ ಯಾರಾದರೂ ಎಂಬುವನು ಯಾಕೆ ನಿಲ್ಲಿಸಬೇಕು? ಗುರುತಿದ್ದವನೇ ನಿಲ್ಲಿಸಲಿಲ್ಲ. ಜಯದೇವಿಗೆ ಕೊನೆಯ ಕಾಲದಲ್ಲಿ ಮಾತು ನಿಂತಾಗ ಅವಳೂ ಹೀಗೆಯೇ ಕೈ ಎತ್ತುತ್ತಿದ್ದಳು, ನೀರು ಬೇಕೋ ಕಿಟಕಿ ತೆಗೆಯಬೇಕೋ ತಿಳಿಯದೆ ಅವನು ಬೈಯುತ್ತಿದ್ದ, ಬಾಯಿ ಬಿಟ್ಟು ಹೇಳಬಾರದಾ ಎಂದು. ಬಾಯಿ ಬಾರದ ಹೆಂಗಸಿಗೆ. ಅದನ್ನು ನೆನೆಯಬಾರದೆಂದು ಅವನು ಎದ್ದು ಗಾಡಿಯ ಹತ್ತಿರ ಹೋದ. ಇದೇನು ದೊಡ್ಡ ವಿದ್ಯೆಯೇ, ಮಿಲ್ಲಿನ ಮೋಟಾರು ಬಿಚ್ಚಿ ಕಟ್ಟಿದವನು ನಾನು. ಹಳೇ ವಾಯರಿನ ಕೆಳತುದಿ ಹಿಡಿದು ಒಮ್ಮೆ ಜಗ್ಗಿದ. ಅದು ಎಲ್ಲಿಯೋ ಸಿಕ್ಕಿಕೊಂಡಿತು. ಸಿಟ್ಟಿನಿಂದ ಇನ್ನೊಮ್ಮೆ ಜಗ್ಗಿದ. ವಾಯರು ಕವಚದ ಸಮೇತ ಹಾವಿನ ಹಾಗೆ ಸರಿದು ಪೂರ್ತಿ ಹೊರಗೆ ಬಂದು ಅವನ ಕಾಲಿನ ಮೇಲೆ ಬಿತ್ತು. ಹೊಸದನ್ನು ಕಟ್ಟಿರಲಿಲ್ಲ. ಟ್ಯಾಂಕಿನ ಕೆಳಗೆ ಬೆರಳು ತೂರಿಸಿ ಹಾದಿ ಹುಡುಕಿದ, ಬೆರಳು ಸುಟ್ಟುಕೊಂಡ, ಹೊಸ ವಾಯರಿನ ತುದಿ ಎಲ್ಲಿಂದ ತೂರಿಸಿದರೂ ತಪ್ಪು ಜಾಗದಲ್ಲಿ ಹೊರಬಂತು. ಬೆವರು ಕಣ್ಣಿಗಿಳಿಯಿತು. ಮಸೀದಿಯ ಕಡೆಯಿಂದ ದನಿ ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು.

“ಅಣ್ಣಾ, ಏನು ಮಾಡಿದ್ರಿ ಇದು?” ತಿರುಗಿ ಬಂದ ಶಬ್ಬೀರ ನೆಲದ ಮೇಲಿದ್ದ ವಾಯರನ್ನು ನೋಡಿ ತಲೆ ಚಚ್ಚಿಕೊಂಡ. “ಹೇಳಿ ಹೋಗಿದ್ದೆನಲ್ಲಾ. ಈಗ ಟ್ಯಾಂಕ್ ಇಳಿಸಬೇಕು. ಸೀಟು ಬಿಚ್ಚಬೇಕು.”

“ಬಿಚ್ಚು. ಮಾತಾಡಬ್ಯಾಡ, ಬಿಚ್ಚು.”

“ಸಿಟ್ಟ್ಯಾಕ? ಜಗ್ಗಿದವ್ರು ನೀವು, ಬೈಸಿಕೊಳ್ಳೋದು ನಾ.”

ಟ್ಯಾಂಕು ಇಳಿದ ಗಾಡಿ ಎಲುಬಿನ ಗೂಡಿನ ಹಾಗೆ ಕಂಡಿತು. ಶಬ್ಬೀರ ಸಾವಕಾಶವಾಗಿ, ಹಾಡು ಗುನುಗುತ್ತ, ವಾಯರಿಗೆ ಎಣ್ಣೆ ಇಳಿಸಿ, ಚೌಕಟ್ಟಿನ ಗುಂಟ ಮಲಗಿಸಿ, ಹಿಡಿಕೆಗೆ ಅದರ ತುದಿಯ ಗುಂಡು ಕೂರಿಸಿದ. ಹಿಡಿಕೆ ಸ್ವಲ್ಪ ಢಿಲ್ಲ ಇರಬೇಕು, ಪೂರ್ತಿ ಬಿಗಿ ಮಾಡಿದರೆ ಮತ್ತೆ ಹರಿಯುತ್ತದೆ ಎಂದು ಏನೇನೋ ಹೇಳುತ್ತಿದ್ದ. ಮಾಣಿಕಪ್ಪ ಕೇಳಿಸಿಕೊಳ್ಳಲಿಲ್ಲ. ಸೀಟಿನ ಕೊನೆಯ ಬೋಲ್ಟು ಬಿಗಿಯುವ ಮೊದಲೇ ಅವನು ಗಾಡಿಯ ಮೇಲೆ ಇದ್ದ.

ಹೊಸ ಕ್ಲಚ್ಚು ಬೆಣ್ಣೆಯ ಹಾಗೆ ಇತ್ತು. ಎರಡು ಬೆರಳಿಗೆ ಬರುತ್ತಿತ್ತು. ಎಲ್ಲಿ ಬೇಕಾದರೂ ನಿಲ್ಲಬಹುದಾದ ಗಾಡಿಯಲ್ಲಿ ಅವನು ಎಲ್ಲಿಯೂ ನಿಲ್ಲದೆ ಹೋದ. ಏರು ಇಳಿದಾಗ ಗಿಡ ಕಂಡಿತು, ಗಿಡದ ಕೆಳಗೆ ಸ್ಕೂಟರು ಕಂಡಿತು. ಸ್ಕೂಟರಿನ ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಅವನು ಬದುಕಿಕೊಂಡ. ಯಾರೋ ಕರೆದುಕೊಂಡು ಹೋಗಿದ್ದಾರೆ. ಆಮೇಲೆ ಗಿಡದ ಬುಡದ ಆ ಮಗ್ಗುಲಿಗೆ ಬಿಳಿ ಧೋತರ ಕಂಡಿತು.

ದೌಲಪ್ಪ ಬುಡಕ್ಕೆ ಒರಗಿ ಕೂತಿದ್ದ. ಬಾಯಿ ಒಂದು ಕಡೆಗೆ ಜಗ್ಗಿತ್ತು, ಜೊಲ್ಲು ಎದೆಯ ಮೇಲೆ ಇಳಿದಿತ್ತು. ಕಣ್ಣು ತೆರೆದಿದ್ದವು. ಅವು ಮಾಣಿಕಪ್ಪನನ್ನು ನೋಡಿದವು, ನೋಡುತ್ತಲೇ ಇದ್ದವು. “ಬೀಗರ” ಎಂದ ಮಾಣಿಕಪ್ಪ. ಸ್ಕೂಟರಿನ ಕೊಕ್ಕೆಗೆ ಒಂದು ಕೈಚೀಲ ತೂಗಾಡುತ್ತಿತ್ತು. ಯಾಕೆ ತೆಗೆದು ನೋಡಿದನೋ ಅವನಿಗೇ ತಿಳಿಯಲಿಲ್ಲ. ಅದರಲ್ಲಿ ತನಗೆಂದು ತಂದ ಹೊಸ ಪಟಗವೋ ಧೋತರವೋ ಇರಬಹುದು ಎಂಬ ಹೆದರಿಕೆ ಅವನ ಕೈಯನ್ನು ಚೀಲದೊಳಗೆ ತಳ್ಳಿತು. ಕೂಸಿನ ಕಿವಿಯ ಬಂಗಾರದ ಸಣ್ಣ ಡಬ್ಬಿ, ಗುಳಿಗೆಯ ಪಟ್ಟಿ, ಒಂದು ಬಾಟಲಿ ನೀರು. ಬೇರೇನೂ ಇರಲಿಲ್ಲ. ಮುದುಕ ಅವನಿಗಾಗಿ ಏನನ್ನೂ ತಂದಿರಲಿಲ್ಲ. ಅದರಿಂದ ಅವನಿಗೆ ಎಷ್ಟೋ ಸಮಾಧಾನವಾಯಿತು. ಆ ಸಮಾಧಾನವನ್ನು ಮುದುಕನ ಕಣ್ಣು ನೋಡಿಬಿಟ್ಟವು ಎಂದು ಅನ್ನಿಸಿ ಅವನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಮುಖ ತಿರುಗಿಸಿದ.

“ನಿಮ್ಮವ್ರೇನ್ರಿ?” ಹೊಲದ ಒಡ್ಡಿನ ಮೇಲಿಂದ ಆಡು ಕಾಯುವವನೊಬ್ಬ ಇಳಿದು ಬಂದ. ಹೆಗಲ ಮೇಲೆ ಕೊಡಲಿ, ತಲೆಗೆ ಹರಕು ವಸ್ತ್ರ. “ನಾ ನಿದ್ದಿ ಹತ್ತ್ಯದ ಅಂದ್ಕೊಂಡಿದ್ದೆ ನೋಡ್ರಿ.”

“ಒಯ್ಯಬೇಕು. ಹಿಂದ ಕುಂತು ಹಿಡೀತಿಯೇನು? ನಿನ್ನ ಹೆಸರೇನು?”

“ಅಂಬಣ್ಣ ಅಂತಾರ್ರಿ. ಹಿಡೀತೀನಿ ನಡೀರಿ. ಆಡು ಎಲ್ಲಿ ಹೋಗ್ತಾವ.”

ಇಬ್ಬರೂ ಸೇರಿ ದೌಲಪ್ಪನನ್ನು ಎತ್ತಿ ನಡುವೆ ಕೂರಿಸಿದರು. ಅಂಬಣ್ಣ ಹಿಂದಿನಿಂದ ತಬ್ಬಿ ಹಿಡಿದ. ಮುದುಕನ ತಲೆ ಮಾಣಿಕಪ್ಪನ ಹೆಗಲಿನ ಮೇಲೆ ಬಂದು ಬಿತ್ತು. ಉಸಿರು ಕುತ್ತಿಗೆಗೆ ಬಡಿಯುತ್ತಿತ್ತು, ಅಂಗಿ ಜೊಲ್ಲಿನಿಂದ ಒದ್ದೆಯಾಗುತ್ತಿತ್ತು. ಏರಿನ ಮೇಲೆ ಗೇರು ಇಳಿಸುವಾಗ ಅಂಬಣ್ಣ ಹಿಂದಿನಿಂದ ಕೂಗಿ ಹೇಳಿದ:

“ಒಬ್ಬ ಗಾಡಿಯವ ಹೋದ್ನಿರಿ ಆವಾಗ. ನಾ ದೂರ ಹೊಲದಾಗಿದ್ದೆ. ಇವ್ರು ಕೈ ಎತ್ತಿದ್ರು. ಕಣ್ಣು ಕಂಡಿಲ್ಲೇನು ಆ ಮಗನಿಗಿ? ಜೋರ್ ಮಾಡಿ ಹೋದ.”

“ಯಾವ ಗಾಡಿ?”

“ಇಂಥಾದ್ದೇ. ಎಲ್ಲಾ ಗಾಡಿ ಒಂದೇ ನಮೂನಿ ಕಾಣ್ತಾವ್ರಿ ದೂರಿಂದ. ಅವನ ಮನಿ ಹಾಳಾಗ್ಲಿ.”

“ಹಾಳಾಗ್ಲಿ” ಎಂದ ಮಾಣಿಕಪ್ಪ. ಬಾಯಿತುಂಬ ಅಂದ. ಹೆಗಲ ಮೇಲಿನ ತಲೆ ಅಲುಗಿದಂತೆ ಆಯಿತು. ರಸ್ತೆಯ ತಗ್ಗಿನಿಂದ ಆದದ್ದೋ, ತಿಳಿಯಲಿಲ್ಲ.

ಕಮಲಾಪುರದ ಸರಕಾರಿ ದವಾಖಾನೆಯ ಬಾಗಿಲಲ್ಲಿ ಅಂಬಣ್ಣ ಇಳಿದವನೇ, ಆಡು ಬಿಟ್ಟು ಬಂದೀನ್ರಿ ಎಂದು ಕಲಬುರಗಿ ಕಡೆಯ ಬಸ್ಸಿಗೆ ಓಡಿದ. ದೌಲಪ್ಪನನ್ನು ಒಳಗೆ ಮಲಗಿಸಿದರು. ಗಿಡದ ಹತ್ತಿರದಿಂದ ಹೊರಡುವಾಗಲೇ ಮಾಣಿಕಪ್ಪ, ಮಾವ ಸಿಕ್ಕಾರ, ಏನೂ ಕೇಳಬ್ಯಾಡ, ದವಾಖಾನಿಗಿ ಬಾ ಎಂದು ಮಗಳಿಗೆ ಫೋನು ಮಾಡಿದ್ದ. ದೌಲಪ್ಪನ ಹೆಂಡತಿ ಶಿವಕಾಂತಮ್ಮ ಓಡುತ್ತ ಬಂದಳು. ಹಬ್ಬದ ಸೀರೆ, ಕೈಗೆ ಹತ್ತಿದ ಹಿಟ್ಟು. ಅವಳ ಹಿಂದೆ ಕೂಸನ್ನು ಸೊಂಟದ ಮೇಲೆ ಹೊತ್ತ ಸುಜಾತಾ. ಅಳಿಯ ಅಜಿತ ಬಾಳೆಹಣ್ಣಿನ ಲೋಡು ತೆಗೆದುಕೊಂಡು ಸೊಲ್ಲಾಪುರಕ್ಕೆ ಹೋದವನು ಇನ್ನೂ ಹಾದಿಯಲ್ಲಿದ್ದ. ಶಿವಕಾಂತಮ್ಮ ಗಂಡನ ಮುಖವನ್ನು ನೋಡಿದಳು, ಸೆರಗನ್ನು ಬಾಯಿಗೆ ತುರುಕಿಕೊಂಡಳು, ಆಮೇಲೆ ತಿರುಗಿ ಬಂದು ಮಾಣಿಕಪ್ಪನ ಎರಡೂ ಕೈಗಳನ್ನು ಹಿಡಿದುಕೊಂಡಳು.

“ನೀವು ಆ ಹಾದ್ಯಾಗ ಬರಲಿಲ್ಲಂದ್ರ ನನ್ನ ಕುಂಕುಮ ಹೋಗ್ತಿತ್ತು, ಅಣ್ಣಾರ. ನಮ್ಮಿಂದ ನಿಮಗ ಮನಸ್ಸಿಗಿ ಹತ್ತ್ಯದ ಅಂತ ನನಗ ಗೊತ್ತದ. ಅದನ್ನ ಮನಸ್ಸಿನ್ಯಾಗ ಇಡಲಾರದೆ ಹೊತ್ಕೊಂಡು ಬಂದ್ರಿ.”

ಅವಳ ಕೈಯ ಹಿಟ್ಟು ಅವನ ಕೈಗೆ ಹತ್ತಿತು. ಅದನ್ನು ಒರೆಸಿಕೊಳ್ಳಬೇಕೋ ಬಿಡಬೇಕೋ ತಿಳಿಯದೆ ಅವನು ಕೈ ಚಾಚಿಕೊಂಡೇ ನಿಂತ. ಸುಜಾತಾ ಕೂಸನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ, “ಅಪ್ಪಾ, ನೀರು ಕುಡಿ ಬಾ” ಎಂದು ಅವನನ್ನು ಹೊರಗೆ, ಔಷಧಿ ಚೀಟಿ ಬರೆಸುವ ಕಿಟಕಿಯ ಆಚೆಗೆ ಕರೆದುಕೊಂಡು ಹೋದಳು. ನೀರು ಕೊಡಲಿಲ್ಲ.

“ನೀ ಮಹಾಗಾಂವ ಅಂದಾಗ ನಾ ಬಸ್‌ಸ್ಟ್ಯಾಂಡಿನ್ಯಾಗ ಇದ್ದೆ. ಹೂ ತಗೋಳಾಕ ಬಂದಿದ್ದೆ” ಎಂದಳು. “ಶಬ್ಬೀರ್ ಕಾಕಾನ ಅಂಗಡಿ ಮುಂದ ನೀ ಟೈರಿನ ಮ್ಯಾಲ ಕುಂತಿದ್ದಿ. ನಿನ್ನ ನೋಡ್ಕೋತನೇ ಫೋನ್ ಮಾಡಿದ್ದೆ.”

ಅವನು ಕೈಗೆ ಹತ್ತಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯತೊಡಗಿದ.

“ನಮ್ಮನಿಗಿ ಬರಾಕ ಮನಸ್ಸಿಲ್ಲ, ಅದಕ್ಕ ಸುಳ್ಳು ಹೇಳ್ತಾನ ಅಂದ್ಕೊಂಡೆ. ರಸ್ತಾ ದಾಟಿ ಬಂದು ಕೈ ಹಿಡೀಬೇಕಂತ ಅನಿಸ್ತು. ನನಗೂ ನಿನ್ನ ಹಂಗೇ ಸಿಟ್ಟು ಬಂತು. ತಿರುಗಿ ಮನಿಗಿ ಹೋದೆ.” ಅವಳ ದನಿ ಏರಲಿಲ್ಲ. “ಮಾವನ್ನ ನೋಡಿದ್ದಿ, ಹೌದಿಲ್ಲೋ? ಬರೂ ಮುಂದೇ ನೋಡಿದ್ದಿ.”

“ನೋಡಿದ್ದೆ.”

ಸುಜಾತಾ ಕಣ್ಣು ಮುಚ್ಚಿ ತೆರೆದಳು. “ಯಾರ ಮುಂದೂ ಹೇಳಬ್ಯಾಡ. ನಿನಗ ಹೇಳಿದ್ರ ಹಗುರ ಆಗ್ತದ, ನಾಳೆ ಮುಂಜಾನಿ ಗಾಡಿ ಹತ್ತಿ ಕಪನೂರಿಗಿ ಹೋಗ್ತಿ. ನಾ ಈ ಮನ್ಯಾಗ ಇರಬೇಕು. ಆ ಮನಷ್ಯಾಗ ದಿನಾ ಬಾಯಿಗಿ ಗಂಜಿ ಹಾಕಬೇಕಾದಕಿ ನಾ. ಇವರಪ್ಪ ಹಿಂಗ ಮಾಡ್ದ ಅಂತ ನನ್ನ ಕೂಸಿನ ಲಗ್ನದ ತನಕ ಅಂತಾರ.”

ಅವನು ತಲೆ ಆಡಿಸಿದ. ಮಗಳು ಇಷ್ಟು ದಿನ ಇಂಥ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದಳೋ. ಜಯದೇವಿಯ ದನಿ ಇದಲ್ಲ, ತನ್ನದೇ ದನಿ, ಆದರೆ ತಣ್ಣಗಾದದ್ದು. ಸರಿ, ಇದೇ ತನಗೆ ಶಿಕ್ಷೆ ಎಂದುಕೊಂಡ. ಉಪಕಾರ ಮಾಡಿದವನು ಎನ್ನಿಸಿಕೊಂಡು, ಇನ್ನು ಮೇಲೆ ಆ ಮನೆಗೆ ಬಂದಾಗಲೆಲ್ಲ ಒಳ್ಳೆಯ ತಟ್ಟೆಯಲ್ಲಿ ಉಂಡು, ಹಾಸಿಗೆಯ ಮೇಲಿನ ಆ ಕಣ್ಣುಗಳ ಎದುರಿಗೆ ಕೂರುವುದು. ಆ ಶಿಕ್ಷೆ ಎಷ್ಟು ಸಸಾರದ್ದು ಎಂಬುದೂ ಅವನಿಗೆ ಅದೇ ಕ್ಷಣದಲ್ಲಿ ಹೊಳೆಯಿತು.

ಇಬ್ಬರೂ ತಿರುಗಿ ಶಿವಕಾಂತಮ್ಮನ ಹತ್ತಿರ ಬಂದಾಗ ಒಳಗಿನಿಂದ ಡಾಕ್ಟರು ಹೊರಗೆ ಬಂದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಕೊರಳಲ್ಲಿ ಸ್ಟೆತೊಸ್ಕೋಪು, ಕಣ್ಣಲ್ಲಿ ಅವಸರ.

“ಲಕ್ವಾ ಹೊಡೆದಿದೆ. ಆಂಬುಲೆನ್ಸ್ ಬರ್ತಿದೆ, ಈಗಲೇ ಕಲಬುರಗಿಗೆ ಒಯ್ಯಬೇಕು. ಅಲ್ಲಿ ಒಂದು ಇಂಜೆಕ್ಷನ್ ಇದೆ, ಹೊಡೆದ ನಾಲ್ಕೂವರೆ ತಾಸಿನೊಳಗೆ ಕೊಟ್ಟರೆ ಮಾತು, ಕೈಕಾಲು ತಿರುಗಿ ಬರಬಹುದು. ಅದಕ್ಕೆ ವೇಳೆ ಬೇಕು. ಇವರು ಚೆನ್ನಾಗಿ ಇದ್ದದ್ದನ್ನ ಕೊನೆಗೆ ನೋಡಿದವರು ಯಾರು? ಯಾವಾಗ?”

“ಮುಂಜಾನೆ ಮನ್ಯಾಗ ಚಾ ಕುಡಿದು ಹೋದ್ರು” ಎಂದಳು ಶಿವಕಾಂತಮ್ಮ.

“ಮುಂಜಾನೆ ಎಂದರೆ ಆಗೋದಿಲ್ಲ. ಆಮೇಲೆ ಯಾರೂ ನೋಡಿಲ್ಲವಾ? ವೇಳೆ ಗೊತ್ತಿಲ್ಲ ಎಂದು ಬರೆದರೆ ಅಲ್ಲಿ ಆ ಇಂಜೆಕ್ಷನ್ ಕೊಡೋದಿಲ್ಲ.” ಡಾಕ್ಟರು ಮಾಣಿಕಪ್ಪನ ಕಡೆಗೆ ತಿರುಗಿದರು. “ನೀವು ಕಂಡಾಗ ಹೇಗಿದ್ದರು?”

ಸುಜಾತಾ ಗೋಡೆಯನ್ನು ನೋಡುತ್ತಿದ್ದಳು. ಕೂಸು ಅಜ್ಜಿಯ ಬಳೆಯನ್ನು ಬಾಯಿಗೆ ಇಟ್ಟುಕೊಂಡು ಚೀಪುತ್ತಿತ್ತು. ಮಾಣಿಕಪ್ಪ ಸುಜಾತಾಳ ಕಡೆಗೆ ಒಮ್ಮೆ ನೋಡಿದ. ಅವಳು ಇವನನ್ನು ನೋಡಲಿಲ್ಲ. ಬೇಡ ಎಂದೂ ತಲೆ ಆಡಿಸಲಿಲ್ಲ.

“ಹನ್ನೆರಡಕ್ಕ ಸ್ವಲ್ಪ ಮುಂಚೆ ನಾ ನೋಡೀನ್ರಿ” ಎಂದ. “ನಿಂತಿದ್ರು. ನೆಟ್ಟಗ ನಿಂತಿದ್ರು. ಸ್ಕೂಟರ್ ಹಿಡ್ಕೊಂಡಿದ್ರು. ಬಲಗೈ ಎತ್ತಿದ್ರು.”

“ಬಲಗೈ? ಈಗ ಅದೇ ಕೈ ಆಡ್ತಿಲ್ಲ. ಖಾತ್ರಿಯಾ?”

“ಖಾತ್ರಿ. ನನಗೇ ಎತ್ತಿದ್ರು.”

“ಹಾಗಾದ್ರೆ ಇನ್ನೂ ವೇಳೆ ಇದೆ” ಎಂದು ಡಾಕ್ಟರು ಬರೆದುಕೊಂಡು, ಫೋನು ಕಿವಿಗೆ ಹಚ್ಚಿ ಓಡುತ್ತ ಒಳಗೆ ಹೋದರು.

ಶಿವಕಾಂತಮ್ಮ ಕೂಸಿನ ಬಾಯಿಂದ ಬಳೆಯನ್ನು ಮೆಲ್ಲಗೆ ಬಿಡಿಸಿದಳು. ಆಮೇಲೆ ತಲೆ ಎತ್ತಿದಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ. ಅದು ಬಾಗಿಲ ಆಚೆ ನಿಂತಿತ್ತು, ಒಳಗೆ ಬಿಡಲು ಅವಳಿಗೆ ಮನಸ್ಸಿರಲಿಲ್ಲ.

“ನಿಮ್ಮ ಗಾಡಿ ಕ್ಲಚ್ ಹರಿದಿತ್ತಂತಲ್ಲ ಅಣ್ಣಾರ. ಸುಜಾತಾ ಹೇಳಿದ್ಳು” ಎಂದಳು, ಬೇಡಿಕೊಳ್ಳುವವಳ ಹಾಗೆ. “ಅದಕ್ಕೇ ನಿಲ್ಲಸಾಕ ಬಂದಿರಲಿಕ್ಕಿಲ್ಲ. ಹೌದಿಲ್ರಿ?”

ಹೌದು ಎನ್ನುವುದಕ್ಕೆ ಬಾಯಿ ತೆರೆಯುವುದೂ ಬೇಕಾಗಿರಲಿಲ್ಲ, ತಲೆ ಆಡಿಸಿದ್ದರೂ ನಡೆಯುತ್ತಿತ್ತು. ಹೊರಗೆ ಆಂಬುಲೆನ್ಸು ಬಂದು ನಿಂತ ಸದ್ದಾಯಿತು. ಸುಜಾತಾ ಈಗ ಅವನ ಕಡೆಗೆ ತಿರುಗಿದ್ದಳು.

“ಇಲ್ರಿ ಅಕ್ಕಾರ” ಎಂದ ಮಾಣಿಕಪ್ಪ. “ಆವಾಗ ಕ್ಲಚ್ ಸರಿ ಇತ್ತು.”